ಚಿತ್ರದ ಕೆಳಗೆ ಒಂದು ಸಾಲು

ಕೇಳುಗರಿಗೆ ನಮಸ್ಕಾರ. ಗ್ರಾಫಿಕ್ ಡಿಸೈನ್ ಕಲಿಯುವ ಮಕ್ಕಳು ತಮ್ಮ ಪ್ರಾಜೆಕ್ಟಿಗೆ ಸ್ಫೂರ್ತಿ ಎಲ್ಲಿ ಹುಡುಕಬೇಕು, ಅದರ ಬಗ್ಗೆ ಮಾತಾಡಿ ಎಂದು ಆಕಾಶವಾಣಿಯವರು ಕರೆದರು. ದೇವಿಮನೆ ಘಟ್ಟ ಇಳಿದು ಬಂದಿದ್ದೇನೆ. ಎಲ್ಲಿ ಹುಡುಕಬೇಕು ಎಂಬುದಕ್ಕೆ ಉತ್ತರ ಸುಲಭ, ಎಲ್ಲಿ ಬೇಕಾದರೂ ಸಿಗುತ್ತದೆ. ಸಿಕ್ಕಿದ್ದನ್ನು ಏನು ಮಾಡುತ್ತೀರಿ ಎಂಬಲ್ಲಿಯೇ ನಮ್ಮ ಮಕ್ಕಳು ಎಡವುವುದು. ಹಾಗಾಗಿ ಇವತ್ತು ಒಂದೇ ಮಾತು ಹೇಳುತ್ತೇನೆ. ನೀವು ಕೂಡಿಡುವ ಪ್ರತಿಯೊಂದು ಚಿತ್ರದ ಕೆಳಗೆ ಒಂದು ಸಾಲು ಬರೆಯಿರಿ: ಇದು ನನಗೆ ಯಾಕೆ ಬೇಕು?

ಕುಮಟಾ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿರುವ ವಿದ್ಯಾರ್ಥಿಗಳೇ, ನಿಮ್ಮ ಫೋನಿನ ಗ್ಯಾಲರಿಯಲ್ಲಿ ಏನಿದೆ ಅಂತ ನೋಡದೆಯೇ ಹೇಳಬಲ್ಲೆ. ಪಿಂಟರೆಸ್ಟಿನಿಂದ ಒಂದಷ್ಟು, ಬಿಹ್ಯಾನ್ಸಿನಿಂದ ಒಂದಷ್ಟು, ಸ್ಕ್ರೀನ್‌ಶಾಟಿಗಂತೂ ಲೆಕ್ಕವೇ ಇಲ್ಲ. ನೀವು ಒಂದನ್ನು ಇಷ್ಟಪಟ್ಟರೆ ಸಾಕು, ಅಂಥದ್ದೇ ಇನ್ನೂ ನಾಲ್ಕು ನಿಮ್ಮ ಮುಂದೆ ಬಂದು ಬೀಳುತ್ತವೆ. ಬೆಂಗಳೂರಿನ ಹುಡುಗನ ಮುಂದೆ ಬೀಳುವುದೂ ಅವೇ. ಇರಲಿ, ತಪ್ಪೇನಿಲ್ಲ. ಆದರೆ ಅಡಿಕೆಯಲ್ಲಿ ಚಾಲಿ, ಕೋಕ, ಬಿಳೆಗೋಟು ಎಂಬ ದರ್ಜೆ ಯಾವುದನ್ನೂ ಬೇರೆ ಮಾಡದೆ ಒಂದೇ ಚೀಲಕ್ಕೆ ತುಂಬಿ ಮಂಡಿಗೆ ಒಯ್ದರೆ ಯಾರು ದರ ಕಟ್ಟುತ್ತಾರೆ? ನಿಮ್ಮ ಗ್ಯಾಲರಿಯೂ ಅದೇ ಚೀಲ.

ನನ್ನ ವಿದ್ಯಾರ್ಥಿನಿಯೊಬ್ಬಳ ಕತೆ ಹೇಳುತ್ತೇನೆ. ಕುಮಟಾ ಕಡೆಯ ಮಹಿಳೆಯರ ಒಂದು ಸಂಘಕ್ಕೆ ಮುರುಗಲು ಹಣ್ಣಿನ ಶರಬತ್ತಿನ ಬಾಟಲಿಗೆ ಲೇಬಲ್ ಮಾಡಿಕೊಡಬೇಕಿತ್ತು. ಹುಡುಗಿ ರಾಶಿ ಚಿತ್ರ ತಂದಳು. ಜಲವರ್ಣದ ಎಲೆಗಳು, ಬಂಗಾರದ ಅಂಚು, ಯಾವುದೋ ಚಳಿ ದೇಶದ ಜ್ಯೂಸ್ ಬಾಟಲಿ. ಒಂದನ್ನು ತೋರಿಸಿ, "ಇದು ಯಾಕೆ ತಂಗಿ?" ಅಂದೆ. "ಚೊಲೋ ಇದ್ದು ಸರ್" ಅಂದಳು. ಇನ್ನೊಂದು ತೋರಿಸಿದೆ. ಅದೂ ಚೊಲೋ ಇದ್ದು. ಮೂರನೆಯದಕ್ಕೂ ಅದೇ ಉತ್ತರ. ಎಲ್ಲವೂ ಚೊಲೋ ಆದರೆ ಆರಿಸುವುದು ಯಾವುದನ್ನು? ಒಂದೊಂದರ ಕೆಳಗೂ ಕಾರಣ ಬರೆದುಕೊಂಡು ಬಾ, ಕಾರಣ ಹೊಳೆಯದಿದ್ದರೆ ಅಳಿಸಿಬಿಡು ಅಂದೆ. ಮುಖ ಸಣ್ಣ ಮಾಡಿಕೊಂಡು ಹೋದಳು. ಬಹುತೇಕ ಎಲ್ಲವನ್ನೂ ಅಳಿಸಿದಳು ಅಂತ ಆಮೇಲೆ ತಿಳಿಯಿತು.

ಮುಂದಿನ ವಾರ ಬಂದಾಗ ಅವಳ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ಬಳ್ಳಿ. ಅಜ್ಜಿಯನ್ನು ಕರೆದುಕೊಂಡು ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋದವಳು ಅಲ್ಲಿನ ಗೋಡೆಯ ಕಾವಿ ಚಿತ್ರ ನೋಡಿ ಬರೆದುಕೊಂಡಿದ್ದಳು. ಕೆಳಗೆ ಒಂದು ಸಾಲು: "ಬಿಳಿ ಬಳಿದದ್ದಲ್ಲ, ಕೆರೆದಾಗ ಸಿಕ್ಕಿದ್ದು."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ! ಕಾವಿ ಕಲೆ ನಮ್ಮ ಕೊಂಕಣ ತೀರದ ಆಸ್ತಿ, ಗೋವಾದಿಂದ ಭಟ್ಕಳದ ಕಡೆಯವರೆಗೂ ಹಳೆಯ ದೇವಸ್ಥಾನಗಳಲ್ಲಿ ಇತ್ತು. ಚಿಪ್ಪಿ ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಹಾಕಿ, ಕುಟ್ಟಿ ಹದ ಮಾಡಿ ಗೋಡೆಗೆ ಗಾರೆ ಹಚ್ಚುತ್ತಾರೆ. ಅದರ ಮೇಲೆ ಕೆಮ್ಮಣ್ಣಿನ ತೆಳು ಪದರ. ಅದು ಹಸಿ ಇರುವಾಗಲೇ ಮೊನಚಾದ ಕಡ್ಡಿಯಿಂದ ಗೀರಿ, ಬೇಡದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಒಳಗಿನ ಬಿಳಿ ಕಾಣುತ್ತದೆ. ಅಲ್ಲಿ ಬಿಳಿ ಬಳಿಯಲು ಕುಂಚದ ಕೆಲಸವಿಲ್ಲ.

ಈಗ ಪ್ರೆಸ್ಸಿಗೆ ಬನ್ನಿ. ಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ಸಯಾನ್, ಮೆಜೆಂಟಾ, ಯೆಲ್ಲೋ, ಬ್ಲ್ಯಾಕ್ ಅಂತ 4 ಪ್ಲೇಟು, ಅಂದರೆ ಶಾಯಿಗೊಂದರಂತೆ ಅಚ್ಚಿನ ತಗಡು, ಬೇಕು. ಬಿಳಿಗೆ ಪ್ಲೇಟಿಲ್ಲ, ಬಿಳಿ ಅಂದರೆ ಶಾಯಿ ತಾಗದೆ ಉಳಿದ ಕಾಗದ. ಕಾವಿಯ ಗೋಡೆಯಲ್ಲಿ ಆಗಿದ್ದೂ ಅದೇ ಅಲ್ಲವೇ? ಹುಡುಗಿಗೆ ಅದು ಹೊಳೆದಿತ್ತು. ಒಂದೇ ಪ್ಲೇಟು, ಒಂದೇ ಕೆಂಪು ಶಾಯಿ. ಮುರುಗಲು ಹಣ್ಣನ್ನು ಅಡ್ಡ ಕೊಯ್ದರೆ ಕಾಣುವ ಬೀಜದ ಸಾಲನ್ನು ಕೆಂಪಿನೊಳಗೆ ಬಿಳಿ ಗೆರೆಯಾಗಿ ಬಿಡಿಸಿದಳು. ಗೋಡೆಯ ದೇವರನ್ನು ಬಾಟಲಿಗೆ ಅಂಟಿಸಲಿಲ್ಲ, ಆ ಬಳ್ಳಿಯನ್ನೂ ತರಲಿಲ್ಲ. ಸಂಘದವರಿಗೆ ಖರ್ಚು ಕಡಿಮೆಯಾಯಿತು. ಲೇಬಲ್ ಅಂಗಡಿಯ ಕಪಾಟಿನಲ್ಲಿ ದೂರದಿಂದಲೇ ಗುರುತು ಸಿಗುತ್ತಿತ್ತು.

ಆ ಬಳ್ಳಿಯ ಫೋಟೋ ಮಾತ್ರ ತೆಗೆದುಕೊಂಡು ಬಂದಿದ್ದರೆ ಬಳ್ಳಿಯನ್ನೇ ಲೇಬಲ್ಲಿಗೆ ಹಾಕುತ್ತಿದ್ದಳು. ಆ ಸಾಲು ಬರೆದದ್ದರಿಂದ ಉಳಿದೆಲ್ಲ ಬಂತು. ಮತ್ತೆ ಹೇಳುತ್ತೇನೆ, ಒಂದು ಸಾಲು ಬರೆಯಿರಿ.

ಗಾಜಿನಾಚೆ ಕುಳಿತವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ. ಸಿದ್ದಾಪುರ, ಶಿರಸಿ ಕಡೆಯ ದೀವರು ಸಮುದಾಯದ ಮನೆಗಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅಲ್ಲಿ ಗೆರೆಯ ದಪ್ಪ ನೋಡಿ ಬರೆದುಕೊಳ್ಳಿ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳ ಮೇಲೆ ಪೇಂಟಿನಲ್ಲಿ ಬರೆದ ಹೆಸರುಗಳಿವೆ. ಅಲ್ಲಿ ಕನ್ನಡದ ಒತ್ತಕ್ಷರಕ್ಕೆ ಜಾಗ ಹೇಗೆ ಮಾಡಿಕೊಂಡಿದ್ದಾರೆ ನೋಡಿ. ಕಂಪ್ಯೂಟರ್ ಮುಂದೆ ನೀವು ಒದ್ದಾಡುವುದು ಅದಕ್ಕೇ ತಾನೆ? ಯಕ್ಷಗಾನದ ಬಣ್ಣದ ಬಗ್ಗೆ ಹೇಳಲು ಹೋದರೆ ಇನ್ನೊಂದು ದಿನವೇ ಬೇಕು. ಯಾರದಾದರೂ ಮನೆಯ ಗೋಡೆ, ದೇವಸ್ಥಾನದ ಒಳಗು ಆದರೆ ಫೋಟೋಕ್ಕೆ ಮೊದಲು ಕೇಳಿ. ಬೇಡ ಅಂದರೆ ಪೆನ್ಸಿಲ್ ಇದೆ.

ಪೋಷಕರಿಗೊಂದು ಮಾತು. ಮಗ ಸಂತೆಯಲ್ಲಿ ನಿಂತು ಗೋಣಿಚೀಲದ ಅಕ್ಷರ ನೋಡುತ್ತಿದ್ದರೆ ದಯವಿಟ್ಟು ಎಳೆದುಕೊಂಡು ಹೋಗಬೇಡಿ.

ಇನ್ನು, ಯಾರ ಕೆಲಸ ನೋಡಿ ಕಲಿತಿರೋ ಅವರ ಹೆಸರನ್ನೂ ಆ ಸಾಲಿನ ಪಕ್ಕದಲ್ಲೇ ಬರೆದುಕೊಳ್ಳಿ. ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಚುಟು ಅರಸರ ಕಾಲದ ನಾಗಶಿಲೆ ಇದೆ. ಅದರ ಪ್ರಾಕೃತ ಶಾಸನದಲ್ಲಿ ನಾಗವನ್ನು ಕೆತ್ತಿದ ನಟಕ ಎಂಬ ಶಿಲ್ಪಿಯ ಹೆಸರಿದೆ, ಅವನ ಗುರುವಿನ ಹೆಸರೂ ಇದೆ. ಕಲ್ಲಿನಲ್ಲಿ ಅಷ್ಟು ಕೆತ್ತಲು ಅವರಿಗೆ ಪುರಸೊತ್ತಿತ್ತು, ಪ್ರಾಜೆಕ್ಟ್ ಫೈಲಿನಲ್ಲಿ ಟೈಪ್ ಮಾಡಲು ನಿಮಗೇನು ಕಷ್ಟ? ನಮಸ್ಕಾರ.