ನಿಂಬಾಳ ನಿಲ್ದಾಣ: ಬರಗಾಲ ತಂದ ಹಳಿ

ನೀವೀಗ ನೋಡುತ್ತಿರುವುದು ವಿಜಯಪುರ ಜಿಲ್ಲೆ, ಇಂಡಿ ತಾಲೂಕಿನ ನಿಂಬಾಳ ರೈಲು ನಿಲ್ದಾಣ. ಮುಂಬೈ–ಚೆನ್ನೈ ಮುಖ್ಯ ಮಾರ್ಗದಿಂದ ಸೊಲ್ಲಾಪುರದ ಬಳಿಯ ಹೋಟಗಿಯಲ್ಲಿ ಕವಲೊಡೆದು, ವಿಜಯಪುರ, ಬಾಗಲಕೋಟೆ, ಬಾದಾಮಿಗಳನ್ನು ಹಾದು ಗದಗ ಸೇರುವ 284 ಕಿಲೋಮೀಟರ್ ಹಾದಿಯಲ್ಲಿ ಇದೊಂದು ಸಣ್ಣ ನಿಲ್ದಾಣ.

ಈ ಹಳಿಯನ್ನು ಇಲ್ಲಿಗೆ ತಂದದ್ದು ಬರಗಾಲ. 1876–78ರ ಬರದಲ್ಲಿ, ಕಲಾದಗಿ ಜಿಲ್ಲೆ ಎಂದು ಕರೆಯಲಾಗುತ್ತಿದ್ದ ಈ ಸೀಮೆ ತತ್ತರಿಸಿಹೋಯಿತು. ರೈಲಿನಲ್ಲಿ ಸೊಲ್ಲಾಪುರದವರೆಗೆ ಕಾಳು ಬಂದರೂ ಅಲ್ಲಿಂದ ಮುಂದೆ ಚಕ್ಕಡಿಯೇ ಗತಿ, ಆ ಚಕ್ಕಡಿ ಎಳೆಯಬೇಕಾದ ಎತ್ತುಗಳಿಗೂ ಮೇವಿಲ್ಲದ ಕಾಲವದು. ಅದರ ಬೆನ್ನಿಗೇ, 1882ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೋಟಗಿ–ಗದಗ ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ) ಮಾರ್ಗ ಸಂಚಾರಕ್ಕೆ ತೆರೆಯಿತು. ಜಿಲ್ಲಾ ಕೇಂದ್ರವು ಕಲಾದಗಿಯಿಂದ ವಿಜಯಪುರಕ್ಕೆ ಬಂದದ್ದೂ ಅದೇ ಹೊತ್ತಿನಲ್ಲಿ.

ಒಂಟಿ ಹಳಿಯ ಮಾರ್ಗದಲ್ಲಿ ಸಣ್ಣ ನಿಲ್ದಾಣದ ಮಾಸ್ತರರ ಹೊಣೆ ಸಣ್ಣದಲ್ಲ. ಮುಂದಿನ ನಿಲ್ದಾಣದವರು ಒಪ್ಪಿಗೆ ಕೊಟ್ಟ ಮೇಲೆಯೇ ನಿಲ್ದಾಣದ ಯಂತ್ರದಿಂದ ಲೋಹದ ಗುಂಡೊಂದು ಹೊರಬೀಳುತ್ತಿತ್ತು; ಗಾಡಿ ಮುಂದೆ ಸಾಗಲು ಅದೇ ಪರವಾನಗಿ. ಅದನ್ನು ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿಟ್ಟು, ನಿಧಾನವಾಗಿ ಸಾಗುವ ಎಂಜಿನ್ನಿನತ್ತ ಎತ್ತಿ ಹಿಡಿದರೆ ಚಾಲಕ ತೋಳು ಚಾಚಿ ಸೆಳೆದುಕೊಳ್ಳುತ್ತಿದ್ದ. ಆ ಗುಂಡು ಮುಂದಿನ ನಿಲ್ದಾಣದ ಯಂತ್ರ ಸೇರುವವರೆಗೆ ಎರಡನೆಯ ಗುಂಡು ಹೊರಬರುವಂತಿರಲಿಲ್ಲವಾದ್ದರಿಂದ, ಎರಡು ಗಾಡಿಗಳು ಎದುರುಬದುರಾಗುವ ಭಯವಿರಲಿಲ್ಲ. ರೈಲ್ವೆಯ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಈ ವ್ಯವಸ್ಥೆಯೇ.

ಕಾಳಿಗಾಗಿ ಹಾಕಿದ ಹಳಿಯ ಮೇಲೆ ಮುಂದೆ ಅಧ್ಯಾತ್ಮ ಸಾಧಕರು ಬಂದರು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಕುಲಪತಿಗಳೂ ಆದ ಗುರುದೇವ ರಾ. ದ. ರಾನಡೆಯವರ ಆಶ್ರಮ ಇರುವುದು ಈ ನಿಲ್ದಾಣದ ಹತ್ತಿರದಲ್ಲಿಯೇ. ಇಂಚಗೇರಿ ಸಂಪ್ರದಾಯವೆಂಬ ಗುರುಪರಂಪರೆಯ ಭಾವುಸಾಹೇಬ ಮಹಾರಾಜರ ಶಿಷ್ಯರಾದ ಅವರು 1957ರ ಜೂನ್ 6ರಂದು ದೇಹವಿಟ್ಟದ್ದೂ ಇಲ್ಲಿಯೇ. ಅಲಹಾಬಾದಿನಿಂದ ರೈಲಿನಲ್ಲಿ ಇಲ್ಲಿಗೆ ಬರಬೇಕೆಂದರೆ ಸೊಲ್ಲಾಪುರದ ಕಡೆ ಬ್ರಾಡ್‌ಗೇಜ್ (ಅಗಲ ಹಳಿಯ) ಗಾಡಿಯಿಂದಿಳಿದು, ಗಂಟುಮೂಟೆ ಹೊತ್ತು ಮೀಟರ್‌ಗೇಜ್ ಗಾಡಿ ಹತ್ತಲೇಬೇಕಿತ್ತು. ಈ ವಸತಿಯ ವಿಳಾಸವನ್ನು ಇಂದಿಗೂ ‘ನಿಂಬಾಳ ಆರ್.ಎಸ್.’ (ರೈಲ್ವೆ ಸ್ಟೇಷನ್) ಎಂದೇ ಬರೆಯುತ್ತಾರೆ.

ಕಂಪನಿಯ ಕೈಯಿಂದ ಸರ್ಕಾರಕ್ಕೆ, 1951ರಲ್ಲಿ ದಕ್ಷಿಣ ರೈಲ್ವೆಗೆ, ಆಮೇಲೆ ದಕ್ಷಿಣ ಮಧ್ಯ ರೈಲ್ವೆಗೆ, 2003ರಲ್ಲಿ ಹುಬ್ಬಳ್ಳಿ ಕೇಂದ್ರಿತ ನೈಋತ್ಯ ರೈಲ್ವೆಗೆ ಮಾರ್ಗ ಹಸ್ತಾಂತರಗೊಂಡಿತು. ಆ ದಶಕ ಮುಗಿಯುವಷ್ಟರಲ್ಲಿ ಗದಗದವರೆಗೂ ಬ್ರಾಡ್‌ಗೇಜ್ ಆಗಿ, ಹಳೆಯ ಹಳಿಗಳು ಕಿತ್ತುಹೋದವು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಮನೆಗಳಲ್ಲಿ ಮೀಟರ್‌ಗೇಜ್ ಕಾಲದ ರಟ್ಟಿನ ಟಿಕೆಟ್ಟಾಗಲಿ, ಈ ನಿಲ್ದಾಣದ ಫೋಟೊ ಆಗಲಿ ಇದ್ದರೆ ದಯವಿಟ್ಟು ಅವನ್ನು ಎಸೆಯಬೇಡಿ. ಹಿಂಬದಿಯಲ್ಲಿ ಇಸವಿಯನ್ನೂ ಊರ ಹೆಸರನ್ನೂ ಬರೆದಿಡಿ.