ಸದ್ದು ಅಡಗುವವರೆಗೆ

ಕೇಳುಗರಿಗೆ ನಮಸ್ಕಾರ.

ನಮ್ಮ ಹಾಸನದ ಕಡೆ ಆಲೂಗಡ್ಡೆ ಮಳೆಗಾಲದ ಬೆಳೆ. ಮೇ ತಿಂಗಳಲ್ಲಿ ನಾಲ್ಕು ಹದಮಳೆ ಬಿದ್ದರೆ ಬಿತ್ತನೆಯ ಗಡಿಬಿಡಿ. ಬಿತ್ತನೆಗಡ್ಡೆ ಬರುವುದು ದೂರದ ಪಂಜಾಬಿನಿಂದ. ಆಗಸ್ಟ್, ಸೆಪ್ಟೆಂಬರಿನ ಹೊತ್ತಿಗೆ ಗಡ್ಡೆ ಕೀಳುತ್ತಾರೆ, ನಮ್ಮ ಹಜಾರದ ಮೂಲೆಗೆ ಒಂದು ಗೋಣಿಚೀಲ ಬಂದು ಕೂರುತ್ತದೆ. ಪಲ್ಯ, ಸಾಗು, ಬೋಂಡ ಎಲ್ಲ ಒಂದು ಸುತ್ತು ಮುಗಿದ ಮೇಲೆ ಮಕ್ಕಳ ತಕರಾರು ಶುರು: ಚಿಪ್ಸ್ ಯಾವಾಗ?

ಏನನ್ನೂ ತೋರಿಸಲಾಗದ ಬಾನುಲಿಯಲ್ಲಿ ಚಿಪ್ಸ್ ಮಾಡುವುದನ್ನು ಹೇಳಹೊರಟಿದ್ದಾಳಲ್ಲ ಎಂದು ನಗಬೇಡಿ. ನನ್ನನ್ನು ಕೇಳಿದರೆ, ಚಿಪ್ಸ್ ಕರಿಯಬೇಕಾದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಾನು ಕೆಡಿಸಿದ ಕಥೆ.

ಮದುವೆಯಾದ ಹೊಸತು. ಮನೆಗೆ ಫ್ರಿಜ್ ಕೂಡ ಹೊಸತು. ಕಂಡದ್ದನ್ನೆಲ್ಲ ಅದರೊಳಗೆ ತುಂಬುವ ಉತ್ಸಾಹದಲ್ಲಿ ಎರಡು ಕಿಲೋ ಆಲೂಗಡ್ಡೆಯನ್ನೂ ತುಂಬಿದ್ದೆ. ಹತ್ತು ದಿನ ಕಳೆದು ನೆಂಟರು ಬಂದರು, ಚಿಪ್ಸ್ ಕರಿಯಲು ಕುಳಿತೆ. ಹೋಳು ಗರಿಯಾಗುವ ಮೊದಲೇ ಬೆಲ್ಲದ ಬಣ್ಣಕ್ಕೆ ತಿರುಗಿತು. ಬೇಗ ತೆಗೆದರೆ ಮೆತ್ತಗೆ, ಬಿಟ್ಟರೆ ಕಹಿ. ಅತ್ತೆಯವರು ಒಂದನ್ನು ಬಾಯಿಗೆ ಹಾಕಿಕೊಂಡು, “ಉರಿ ಹೆಚ್ಚಾಯಿತೇನೋ ಕಣಮ್ಮ” ಎಂದರು. ಮುಂದಿನ ಸಲ ಉರಿ ತಗ್ಗಿಸಿದೆ. ಆಗ ಎಣ್ಣೆ ಕುಡಿದು ಜೋತುಬಿದ್ದವು.

ತಪ್ಪು ಉರಿಯದಾಗಿರಲಿಲ್ಲ. ಆಲೂಗಡ್ಡೆಯನ್ನು ಬಹಳ ತಣ್ಣಗಿಟ್ಟರೆ ಅದರೊಳಗಿನ ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗುತ್ತದೆ. ಆ ಸಕ್ಕರೆಯೂ ಗಡ್ಡೆಯಲ್ಲಿರುವ ಅಮೈನೋ ಆಮ್ಲಗಳೂ ಕಾದ ಎಣ್ಣೆಯಲ್ಲಿ ಸೇರಿದಾಗ ಕಂದು ಬಣ್ಣ ಹುಟ್ಟುತ್ತದೆ. ಬಿತ್ತನೆಗಡ್ಡೆಯನ್ನು ಶೀತಲಗೃಹದಲ್ಲಿ 2ರಿಂದ 4 ಡಿಗ್ರಿಯಲ್ಲಿ ಇಡುತ್ತಾರೆ. ಚಿಪ್ಸಿಗೆಂದು ಇಡುವ ಗಡ್ಡೆಗೆ 10ರಿಂದ 12 ಡಿಗ್ರಿ ಬೇಕು. ಬರೀ ಬಣ್ಣದ ಮಾತೂ ಅಲ್ಲ. ಹೀಗೆ ಕಂದಾಗುವ ಹೊತ್ತಿನಲ್ಲೇ ಅಕ್ರಿಲಮೈಡ್ ಎಂಬ ಒಳ್ಳೆಯದಲ್ಲದ ವಸ್ತುವೂ ಉಂಟಾಗುತ್ತದೆ ಎಂಬುದನ್ನು 2002ರಲ್ಲಿ ಸ್ವೀಡನ್ನಿನವರು ಹೊರಗೆಡಹಿದರು. ಆದ್ದರಿಂದ ಚಿಪ್ಸ್ ತಿಳಿಹಳದಿಯಾಗಿರಲಿ, ಕೆಂಪಗೆ ಕಂಡದ್ದನ್ನು ರುಚಿಯೆಂದು ಮಕ್ಕಳಿಗೆ ಕೊಡಬೇಡಿ. ಗಡ್ಡೆಯನ್ನು ಈಗಾಗಲೇ ಫ್ರಿಜ್ಜಿನಲ್ಲಿಟ್ಟುಬಿಟ್ಟಿದ್ದರೆ ಹೊರಗೆ ತೆಗೆದು ಎರಡು ವಾರ ಕತ್ತಲ ಮೂಲೆಯಲ್ಲಿಡಿ, ಸಿಹಿ ಸ್ವಲ್ಪ ಇಳಿಯುತ್ತದೆ. ಬೆಳಕಿಗೆ ಮಾತ್ರ ಬೇಡ, ಹಸಿರಾಗುತ್ತದೆ. ಹಸಿರಾದ ಗಡ್ಡೆಯಲ್ಲಿ ಸೋಲನಿನ್ ಎಂಬ ವಿಷ ಸೇರಿರುತ್ತದೆ, ಅದು ಕರಿದರೂ ಹೋಗುವುದಿಲ್ಲ.

ಇನ್ನು ಗಡ್ಡೆಯ ಜಾತಿ. ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಚಿಪ್ಸಿಗೆಂದೇ ಕುಫ್ರಿ ಚಿಪ್ಸೋನಾ ಎಂಬ ತಳಿಗಳನ್ನು ತಂದಿದ್ದಾರೆ. ಅವುಗಳಲ್ಲಿ ಹಿಟ್ಟಿನ ಅಂಶ ಹೆಚ್ಚು, ಸಕ್ಕರೆ ಕಡಿಮೆ. ಸಂತೆಯಲ್ಲಿ ಕುಳಿತು ತಳಿ ವಿಚಾರಿಸುವುದು ಆಗದ ಮಾತು. ಅದಕ್ಕೊಂದು ಮನೆಯ ಪರೀಕ್ಷೆ ಇದೆ. ಒಂದು ಲೋಟ ಉಪ್ಪಿಗೆ ಹನ್ನೊಂದು ಲೋಟ ನೀರು ಬೆರೆಸಿ ಗಡ್ಡೆಯನ್ನು ಹಾಕಿ. ಮುಳುಗಿದರೆ ಹಿಟ್ಟುಗಡ್ಡೆ, ಚಿಪ್ಸಿಗೆ ಹೇಳಿ ಮಾಡಿಸಿದ್ದು. ತೇಲಿದರೆ ನೀರುಗಡ್ಡೆ, ಸಾಗುವಿಗೆ ಕಳುಹಿಸಿ. ಎರಡು ಗಡ್ಡೆಯ ಮೇಲೆ ಪರೀಕ್ಷೆ ಮಾಡಿದರೆ ಸಾಕು. ಅಷ್ಟು ಉಪ್ಪು ಹಾಳು ಮಾಡಿದೆಯೆಂದು ನಮ್ಮ ಮನೆಯಲ್ಲಿ ಗದ್ದಲವಾದದ್ದೂ ಉಂಟು.

ಸಿಪ್ಪೆ ತೆಗೆದು ಚಿಪ್ಸ್ ಮಣೆಯ ಮೇಲೆ ಹೆರೆಯಿರಿ. ಒಂದೂವರೆ ಮಿಲಿಮೀಟರ್ ದಪ್ಪವೆಂದು ಲೆಕ್ಕ ಹೇಳಬಹುದು. ಹೋಳನ್ನು ಬೆಳಕಿಗೆ ಹಿಡಿದರೆ ಬೆರಳ ನೆರಳು ಕಾಣಬೇಕು, ಅಷ್ಟೇ. ಒಂದು ದಪ್ಪ ಒಂದು ತೆಳುವಾದರೆ ಬಾಣಲೆಯಲ್ಲಿ ಒಂದು ಕರಕಲು, ಇನ್ನೊಂದು ಹಸಿ. ಹೆರೆದದ್ದು ನೇರವಾಗಿ ನೀರಿಗೆ ಬೀಳಲಿ. ನೀರು ಹಾಲಿನಂತಾಗುತ್ತದೆ, ಚೆಲ್ಲಿ ಮತ್ತೆ ಹಾಕಿ. ತಿಳಿಯಾಗುವವರೆಗೆ ಮೂರು ನಾಲ್ಕು ಬಾರಿ. ಮೇಲ್ಮೈಗೆ ಅಂಟಿದ ಹಿಟ್ಟು ಹೋದರೆ ಹೋಳುಗಳು ಒಂದಕ್ಕೊಂದು ಮೆತ್ತಿಕೊಳ್ಳುವುದಿಲ್ಲ, ಸಕ್ಕರೆಯೂ ಒಂದಿಷ್ಟು ತೊಳೆದು ಹೋಗುತ್ತದೆ. ಆಮೇಲೆ ಅರ್ಧ ಗಂಟೆ ನೆನೆಯಲಿ.

ನಂತರ ಹಳೆಯ ಪಂಚೆ. ಟವೆಲ್ಲಿಗಿಂತ ತೊಳೆದು ತೊಳೆದು ಸವೆದ ಪಂಚೆ ನೀರನ್ನು ಚೆನ್ನಾಗಿ ಹೀರುತ್ತದೆ. ಹೋಳುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಮೇಲೊಂದು ಬಟ್ಟೆ ಹಾಕಿ ಒತ್ತಿ. ಇಲ್ಲಿ ಅವಸರ ಮಾಡಿದವರ ಎಣ್ಣೆ ಉಕ್ಕಿ ಒಲೆಗೆ ಬರುತ್ತದೆ.

ಎಣ್ಣೆ, ಕಡಲೆಕಾಯಿಯದೋ ಸೂರ್ಯಕಾಂತಿಯದೋ, ಬಾಣಲೆಯ ಅರ್ಧಕ್ಕಿಂತ ಮೇಲೆ ಬೇಡ. ಒಂದು ಹೋಳು ಬಿಟ್ಟು ನೋಡಿ. ಒಡನೆಯೇ ನೊರೆಯೆದ್ದು ಮೇಲೆ ಬಂದರೆ ಕಾದಿದೆ; ಅಳತೆಯಲ್ಲಿ 170ರಿಂದ 180 ಡಿಗ್ರಿ. ಒಂದೊಂದೇ ಹಿಡಿ ಹಾಕಿ.

ಈಗ ಕಿವಿಯ ಕೆಲಸ. ಬಾಣಲೆ ಚರ್ರೆಂದು ಅಬ್ಬರಿಸುತ್ತದೆ. ಆಲೂಗಡ್ಡೆಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ, ಅದು ಆವಿಯಾಗಿ ನುಗ್ಗಿ ಹೊರಬರುವ ಗಲಾಟೆ ಇದು. ಆವಿ ಹೊರಗೆ ದಬ್ಬುತ್ತಿರುವಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗಲು ದಾರಿ ಇಲ್ಲ. ಸ್ವಲ್ಪ ಹೊತ್ತಿಗೆ ಅಬ್ಬರ ಇಳಿದು ಸೋನೆಮಳೆಯ ಸದ್ದಾಗುತ್ತದೆ. ಗುಳ್ಳೆಗಳು ಸಣ್ಣವಾಗುತ್ತವೆ. ಜಾಲರಿ ಸೌಟಿನಿಂದ ಕದಡಿದರೆ ಹೋಳುಗಳು ತರಗೆಲೆಯಂತೆ ಸರಸರ ಎನ್ನುತ್ತವೆ. ಸದ್ದು ಅಡಗಿತು ಎಂದರೆ ನೀರು ಮುಗಿಯಿತು. ಆ ಕ್ಷಣವೇ ತೆಗೆಯಿರಿ. ಸದ್ದು ಅಡಗುವ ಮೊದಲೇ ತೆಗೆದವರು ಸಂಜೆಗೆ ಮೆತ್ತನೆಯ ಚಿಪ್ಸ್ ತಿನ್ನುತ್ತಾರೆ. ಆ ಹೊತ್ತಿನಲ್ಲಿ ರೇಡಿಯೊ ಹಾಡುತ್ತಿದ್ದರೆ ದನಿ ತಗ್ಗಿಸಿಕೊಳ್ಳಿ, ನಾನೇ ಮಾತನಾಡುತ್ತಿದ್ದರೂ ಬೇಸರವಿಲ್ಲ.

ಉಪ್ಪನ್ನು ಅಚ್ಚಖಾರದ ಪುಡಿಯೊಂದಿಗೆ ನುಣ್ಣಗೆ ಕುಟ್ಟಿ ಪಕ್ಕದಲ್ಲೇ ಇಟ್ಟುಕೊಂಡಿರಿ, ಬಿಸಿಯಿರುವಾಗಲೇ ಉದುರಿಸಬೇಕು. ತಣಿದ ಮೇಲೆ ಉದುರಿಸಿದ್ದು ತಟ್ಟೆಯ ತಳದಲ್ಲಿ ಸಿಗುತ್ತದೆ. ಬಾಳೆಕಾಯಿ ಚಿಪ್ಸಿಗೆ ಕರಾವಳಿಯವರು ಕಾದ ಎಣ್ಣೆಗೇ ಉಪ್ಪುನೀರು ಚಿಮುಕಿಸುತ್ತಾರೆ. ಅದು ಕೈ ಪಳಗಿದವರ ವಿದ್ಯೆ, ನನಗೆ ಇಂದಿಗೂ ಧೈರ್ಯ ಸಾಲದು.

ಒಂದು ಕಿಲೋ ಗಡ್ಡೆಗೆ ಸಿಗುವುದು ಸುಮಾರು ಕಾಲು ಕಿಲೋ ಚಿಪ್ಸ್. ಇಷ್ಟೇನಾ ಎಂದು ಮಕ್ಕಳು ಕೇಳುತ್ತಾರೆ, ಉಳಿದದ್ದು ಆವಿಯಾಯಿತೆಂದರೆ ನಂಬುವುದಿಲ್ಲ. ಪೂರ್ತಿ ಆರಿದ ಮೇಲೆಯೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಮಾಡಿ. ಬಿಸಿ ಬಿಸಿ ತುಂಬಿದರೆ ಅಷ್ಟು ಕಷ್ಟಪಟ್ಟು ಹೊರಹಾಕಿದ ನೀರು ಮುಚ್ಚಳದ ಅಡಿಯಲ್ಲಿ ಹನಿಯಾಗಿ ಕುಳಿತಿರುತ್ತದೆ.

ನಮಸ್ಕಾರ.