ಗಿಟ್ ಫೆಚ್ ರೂಲಲ್ಲಿರೋ ಪ್ಲಸ್ ಗುರುತು

ನಮಸ್ಕಾರ ಕೇಳುಗರೆ. ಗಿಟ್ ಅಂದ್ರೆ ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಸಾಫ್ಟ್‌ವೇರು, ಫೆಚ್ ಅಂದ್ರೆ ಸರ್ವರಲ್ಲಿರೋ ಹೊಸದನ್ನ ತರಿಸೋ ಅದರ ಕಮಾಂಡು. ಸಾಫ್ಟ್‌ವೇರ್ ಕೆಲಸದಲ್ಲಿರೋರು ಬೆಳಗ್ಗೆ ಬಂದು ಕೂತ ತಕ್ಷಣ ಗಿಟ್ ಫೆಚ್ ಅಂತ ಹೊಡೀತೀರಿ, ಅದು ನಾಕು ಸಾಲು ಏನೋ ತೋರಿಸತ್ತೆ, ಯಾರೂ ಓದಲ್ಲ. ಆದ್ರೆ ಸಾಲಿನ ಮುಂದೆ ಪ್ಲಸ್ ಗುರುತು, ಕೊನೇಲಿ ಫೋರ್ಸ್ಡ್ ಅಪ್‌ಡೇಟ್ ಅಂತ ಇದ್ರೆ ಸ್ವಲ್ಪ ನಿಂತು ನೋಡಿ. ಆ ಬ್ರಾಂಚಿನ, ಅಂದ್ರೆ ಕೋಡಿನ ಆ ಕವಲಿನ, ಹಳೇ ಕಮಿಟ್‌ಗಳನ್ನ, ಅಂದ್ರೆ ದಾಖಲಾದ ಬದಲಾವಣೆಗಳನ್ನ, ಯಾರೋ ಬದಲಾಯಿಸಿ ಹೊಸದಾಗಿ ಬರೆದಿದ್ದಾರೆ, ನಿಮ್ಮ ಮಷೀನು ತುಟಿಪಿಟಕ್ ಅನ್ನದೆ ಒಪ್ಕೊಂಡಿದೆ ಅಂತ ಅರ್ಥ.

ಯಾಕೆ ಒಪ್ಕೊಳ್ತು ಅಂದ್ರೆ, ಪ್ರಾಜೆಕ್ಟನ್ನ ಕ್ಲೋನ್ ಮಾಡಿ ನಿಮ್ಮ ಮಷೀನಿಗೆ ಇಳಿಸ್ಕೊಂಡ ದಿನಾನೇ ಗಿಟ್ ಹಾಗೆ ರೂಲ್ ಬರೆದಿಟ್ಟಿರತ್ತೆ. ಡಾಟ್ ಗಿಟ್ ಫೋಲ್ಡರಲ್ಲಿ ಕಾನ್ಫಿಗ್ ಫೈಲ್ ತೆಗೀರಿ, ರಿಮೋಟ್ ಒರಿಜಿನ್, ಅಂದ್ರೆ ನೀವು ಇಳಿಸ್ಕೊಂಡ ಸರ್ವರ್, ಅದರ ಕೆಳಗೆ ಫೆಚ್ ಅಂತ ಒಂದು ಸಾಲು: ಪ್ಲಸ್, ರೆಫ್ಸ್ ಸ್ಲ್ಯಾಶ್ ಹೆಡ್ಸ್ ಸ್ಲ್ಯಾಶ್ ಸ್ಟಾರ್, ಕೋಲನ್, ರೆಫ್ಸ್ ಸ್ಲ್ಯಾಶ್ ರಿಮೋಟ್ಸ್ ಸ್ಲ್ಯಾಶ್ ಒರಿಜಿನ್ ಸ್ಲ್ಯಾಶ್ ಸ್ಟಾರ್. ಕೋಲನ್ನಿನ ಎಡಕ್ಕೆ ಸರ್ವರಲ್ಲಿರೋ ಬ್ರಾಂಚು, ಬಲಕ್ಕೆ ನಿಮ್ಮ ಹತ್ರ ಇರೋ ಅದರ ನಕಲು, ಸ್ಟಾರ್ ಅಂದ್ರೆ ಎಲ್ಲಾ ಬ್ರಾಂಚಿಗೂ ಅಂತ. ಮುಂದಿರೋ ಪ್ಲಸ್ ಹೇಳೋದು ಇಷ್ಟೇ, ಹೊಸದು ಹಳೇದರ ಮುಂದುವರಿಕೆ ಆಗಿಲ್ದಿದ್ರೂ ಪರವಾಗಿಲ್ಲ, ನಕಲನ್ನ ಬದಲಾಯಿಸು.

ಇದು ಬೇಕಾಗಿರೋ ಜಾಗ ಖಂಡಿತ ಇದೆ. ಗಿಟ್ ಪ್ರಾಜೆಕ್ಟನ್ನೇ ನೋಡಿ, ಲೈನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಶುರು ಮಾಡಿದ್ದು, ಅದೇ ವರ್ಷದಿಂದ ಜುನಿಯೊ ಹಮಾನೊ ನೋಡ್ಕೊಳ್ತಿದ್ದಾರೆ. ಅಲ್ಲಿ ಸೀನ್ ಅಂತ ಒಂದು ಬ್ರಾಂಚು, 2020ರವರೆಗೆ ಪಿಯು ಅಂತಿದ್ರು. ಇನ್ನೂ ಚರ್ಚೆಯಲ್ಲಿರೋ ಕೆಲಸಗಳನ್ನೆಲ್ಲ ಮುಖ್ಯ ಬ್ರಾಂಚಾದ ಮಾಸ್ಟರ್ ಮೇಲೆ ಮತ್ತೆ ಮತ್ತೆ ಮರ್ಜ್ ಮಾಡಿ, ಅಂದ್ರೆ ಸೇರಿಸಿ, ಅದನ್ನ ಹೊಸದಾಗಿ ಕಟ್ತಾನೇ ಇರ್ತಾರೆ. ಮಾಸ್ಟರನ್ನ ಮಾತ್ರ ಹಿಂದಕ್ಕೆ ತಿರುಗಿಸಲ್ಲ. ಸೀನ್‌ಗೆ ಪ್ಲಸ್ ಇಲ್ದಿದ್ರೆ ಪ್ರತಿಸಲ ಫೆಚ್ ರಿಜೆಕ್ಟೆಡ್ ಅನ್ನತ್ತೆ.

ನನ್ನ ತಕರಾರು ಇಷ್ಟೇ, ಸೀನ್‌ಗೆ ಬೇಕಾದ ಸಡಿಲ ರೂಲನ್ನ ಮಾಸ್ಟರಿಗೂ ಯಾಕೆ ಕೊಡ್ಬೇಕು? ಆ ಒಂದು ಸ್ಟಾರ್ ಸಾಲನ್ನ ತೆಗೆದು ಎರಡು ಸಾಲು ಬರೀರಿ, ಮಾಸ್ಟರಿನದ್ದು ಪ್ಲಸ್ ಇಲ್ದೆ, ಸೀನಿನದ್ದು ಪ್ಲಸ್ ಇಟ್ಟು. ನಿಮ್ಮ ಟೀಮಲ್ಲಿ ಮೇನ್, ರಿಲೀಸ್ ಇರಬಹುದು, ಲೆಕ್ಕ ಅದೇ. ಆಗ ಯಾರಾದ್ರೂ ಮಾಸ್ಟರ್ ಮೇಲೆ ಫೋರ್ಸ್ ಪುಶ್ ಮಾಡಿ ಸರ್ವರಲ್ಲಿರೋ ಹಳೇದನ್ನ ಬದಲಾಯಿಸಿದ್ರೆ ನಿಮ್ಮ ಫೆಚ್ ಆಶ್ಚರ್ಯ ಚಿಹ್ನೆ ಹಾಕಿ ರಿಜೆಕ್ಟೆಡ್, ನಾನ್ ಫಾಸ್ಟ್ ಫಾರ್ವರ್ಡ್, ಅಂದ್ರೆ ಇದು ಹಳೇದರ ಮುಂದುವರಿಕೆ ಅಲ್ಲ ಅಂತ ಹೇಳತ್ತೆ, ಉಳಿದ ಬ್ರಾಂಚುಗಳು ಅವುಗಳ ಪಾಡಿಗೆ ಅಪ್‌ಡೇಟ್ ಆಗತ್ವೆ, ಮಾಸ್ಟರಿನ ನಕಲು ಮಾತ್ರ ಇದ್ದ ಹಾಗೇ ಇರತ್ತೆ. ವಿಚಾರಿಸಿ ನೋಡಿ, ಬೇಕಂತಲೇ ಮಾಡಿದ್ದು ಅಂತ ಗೊತ್ತಾದ ಮೇಲೆ ಒಂದೇ ಒಂದು ಸಲ ಫೆಚ್ ಡ್ಯಾಶ್ ಡ್ಯಾಶ್ ಫೋರ್ಸ್ ಅಂತ ಕೊಟ್ರೆ ಆಯ್ತು. ಸ್ಟಾರ್ ತೆಗೆದ್ರೆ ಹೊಸ ಬ್ರಾಂಚುಗಳು ತಾವಾಗೇ ಬರಲ್ಲ, ಬೇಕಾದಾಗ ಸಾಲು ಸೇರಿಸ್ಕೋಬೇಕು, ಆ ರಗಳೆ ಇರೋದು ನಿಜ.

ಇನ್ನು ಪುಲ್ ವಿಷ್ಯ, ಅಂದ್ರೆ ಫೆಚ್ ಮಾಡಿ ಬಂದದ್ದನ್ನ ನಿಮ್ಮ ಬ್ರಾಂಚಿಗೂ ಸೇರಿಸೋದು. ಫೆಚ್ ಬದಲಾಯಿಸೋದು ಒರಿಜಿನ್ ಕಡೆಯ ನಕಲನ್ನ ಮಾತ್ರ, ನೀವು ಕೆಲಸ ಮಾಡ್ತಿರೋ ಬ್ರಾಂಚು ಹಾಗೇ ಇರತ್ತೆ. ಆದ್ರೆ ಸೀನ್ ತರದ ಬ್ರಾಂಚಲ್ಲಿ ಕೂತು ಮರ್ಜ್ ಆಗೋ ಹಾಗೆ ಪುಲ್ ಮಾಡಿದ್ರೆ ಹಳೇ ಸೀನು ಹೊಸ ಸೀನು ಎರಡೂ ಸೇರ್ಕೊಂಡು, ಒಂದೇ ಬದಲಾವಣೆ ಎರಡೆರಡು ಸಲ ಬಂದು, ಎಲ್ಲೆಲ್ಲೋ ಕಾನ್ಫ್ಲಿಕ್ಟ್ ಎದ್ದು ತಲೆ ಚಿಟ್ಟು ಹಿಡಿಯತ್ತೆ. ಬರೀ ಓದೋಕೆ, ಟೆಸ್ಟ್ ಮಾಡೋಕೆ ಇಟ್ಕೊಂಡಿದ್ರೆ ಫೆಚ್ ಮಾಡಿ ರಿಸೆಟ್ ಹಾರ್ಡ್ ಕೊಟ್ಟು ಒರಿಜಿನ್ ಸೀನ್‌ಗೆ ಬಂದ್ಬಿಡಿ, ಕಮಿಟ್ ಮಾಡದ ಕೆಲಸ ಇದ್ರೆ ಅದು ಹೋಗತ್ತೆ, ಮೊದ್ಲು ನೋಡ್ಕೊಳ್ಳಿ.

ಪ್ಲಸ್ ಇದ್ದು ಮಾಸ್ಟರ್ ಈಗಾಗ್ಲೇ ಬದಲಾಗಿಬಿಟ್ಟಿದ್ರೂ ಗಾಬರಿ ಬೇಡ. ಹಳೇ ತುದಿ ಎಲ್ಲಿತ್ತು ಅಂತ ರೆಫ್‌ಲಾಗಲ್ಲಿ, ಅಂದ್ರೆ ಬ್ರಾಂಚಿನ ತುದಿ ಎಲ್ಲೆಲ್ಲಿ ಇತ್ತು ಅಂತ ಗಿಟ್ ಬರೆದಿಡೋ ದಾಖಲೇಲಿ, ಇರತ್ತೆ, ಗಿಟ್ ರೆಫ್‌ಲಾಗ್ ಒರಿಜಿನ್ ಸ್ಲ್ಯಾಶ್ ಮಾಸ್ಟರ್ ಅಂತ ಕೇಳಿ. ಸೆಟ್ಟಿಂಗ್ ಮುಟ್ಟದೆ ಇದ್ರೆ, ಹೀಗೆ ಕಳಚಿಕೊಂಡ ಕಮಿಟ್‌ಗಳ ದಾಖಲೆ 30 ದಿನ ಅಲ್ಲಿ ಉಳಿಯತ್ತೆ.